ಹೊಲದ ಕಟ್ಟಿಗೆ ಬೇಲಿಗೆ ಯಾವ ಬಣ್ಣ ಹಚ್ಚಬೇಕು, ಹೇಗೆ ಹಚ್ಚಬೇಕು

ಧಾರವಾಡ, ಗದಗ, ಹಾವೇರಿ ಕಡೆ ಹೊಲದ ಸುತ್ತ ಕಲ್ಲು ಕಂಬ ನೆಟ್ಟು ಮುಳ್ಳುತಂತಿ ಎಳೆಯುವವರೇ ಜಾಸ್ತಿ. ಕಟ್ಟಿಗೆ ಬೇಲಿ ಕಾಣುವುದು ಹಿತ್ತಲಲ್ಲಿ, ದನದ ಕೊಟ್ಟಿಗೆ ಮುಂದೆ, ತೋಟದ ಮನೆಯ ಅಂಗಳದಲ್ಲಿ. ದನ ಕರು ಇರುವ ಜಾಗಕ್ಕೆ ಅದೇ ಒಳ್ಳೆಯದು, ತಂತಿ ಹಾಗೆ ಮೈ ಹರಿಯುವುದಿಲ್ಲ. ಆದರೆ ಬೇಲಿ ಕಟ್ಟಿ ಮುಗಿಸಿದವರು ನೇರವಾಗಿ ಪೇಂಟ್ ಅಂಗಡಿಗೆ ಹೋಗಿ "ಕಟ್ಟಿಗೆಗೆ ಹಚ್ಚೋದು ಕೊಡ್ರಿ" ಅನ್ನುತ್ತಾರೆ, ಅಂಗಡಿಯವರು ಬಾಗಿಲಿಗೆ ಕಿಟಕಿಗೆ ಹಚ್ಚುವ ಎನಾಮೆಲ್ ಡಬ್ಬಿಯನ್ನೇ ಕೊಡುತ್ತಾರೆ, ಕೆಲವು ಮಳೆಗಾಲ ಕಳೆಯುವ ಹೊತ್ತಿಗೆ ಅದು ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಆಮೇಲೆ ನೂರಾರು ಅಡಿ ಬೇಲಿಯನ್ನು ಕೆರೆಯುವವರು ಯಾರು? ಯಾರೂ ಇಲ್ಲ. ಬೇಲಿ ಹಾಗೇ ಹಾಳಾಗುತ್ತದೆ.

ಹಾಗಾಗಿ ಡಬ್ಬಿ ಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಎರಡನೇ ಸಲ ಹಚ್ಚುವಾಗ ಇದನ್ನು ಕೆರೆಯಬೇಕಾಗುತ್ತದಾ? ನನ್ನ ಲೆಕ್ಕದಲ್ಲಿ ಬೇಲಿಯ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಬೆಲೆ, ಹೊಳಪು, ಬಣ್ಣ ಎಲ್ಲ ಇದರ ನಂತರ.

ಮೇಲೆ ಕೂರುವ ಬಣ್ಣ, ಒಳಗೆ ಇಳಿಯುವ ಬಣ್ಣ

ಕಟ್ಟಿಗೆಗೆ ಹಚ್ಚುವುದೆಲ್ಲ ಎರಡು ಜಾತಿ. ಎನಾಮೆಲ್, ವಾರ್ನಿಷ್, ನೀರು ಆಧಾರದ ಎಮಲ್ಷನ್ ಇವು ಮೇಲೆ ಒಂದು ಪದರ ಕಟ್ಟುತ್ತವೆ. ಎಣ್ಣೆ, ವುಡ್ ಸ್ಟೇನ್ ಅನ್ನುವ ತೆಳು ಬಣ್ಣ, ಗೇರು ಎಣ್ಣೆ ಇವು ಒಳಗೆ ಇಳಿಯುತ್ತವೆ. ಮನೆ ಬಾಗಿಲು ನೆರಳಲ್ಲಿ ಇರುತ್ತದೆ, ಮಳೆ ನೇರವಾಗಿ ಬೀಳುವುದಿಲ್ಲ, ಅದಕ್ಕೆ ಪದರ ಕಟ್ಟುವ ಬಣ್ಣ ಚೆನ್ನಾಗಿ ಬಾಳುತ್ತದೆ. ಬೇಲಿಯ ಕಥೆ ಬೇರೆ. ಏಪ್ರಿಲ್ ಬಿಸಿಲಿಗೆ ಹಲಗೆ ಒಣಗಿ ಕುಗ್ಗುತ್ತದೆ, ಜೂನ್ ಮಳೆಗೆ ನೀರು ಕುಡಿದು ಉಬ್ಬುತ್ತದೆ. ಎನಾಮೆಲ್ ಹೊಸದರಲ್ಲಿ ಸ್ವಲ್ಪ ಜಗ್ಗುತ್ತದೆ, ವರ್ಷ ಕಳೆದಂತೆ ಗಡುಸಾಗಿ ಬಿರುಕು ಬಿಡುತ್ತದೆ. ಮೊಳೆ ಹೊಡೆದ ತೂತು, ಹಲಗೆಯ ತುದಿ, ಜೋಡಣೆಯ ಸಂದಿ, ಎಲ್ಲ ಕಡೆಯಿಂದ ನೀರು ಒಳಗೆ ಹೋಗುತ್ತದೆ. ಒಳಗೆ ಹೋದ ನೀರು ಬಿಸಿಲಿಗೆ ಆವಿಯಾಗಿ ಹೊರಗೆ ಬರಲು ನೋಡುತ್ತದೆ, ದಾರಿ ಸಿಗದೆ ಪದರವನ್ನೇ ತಳ್ಳಿ ಎಬ್ಬಿಸುತ್ತದೆ. ಎದ್ದ ಸಿಪ್ಪೆಯ ಕೆಳಗೆ ಕಟ್ಟಿಗೆ ಹಸಿಯಾಗೇ ಉಳಿದು ಕೊಳೆಯುತ್ತದೆ.

ದನದ ಬೇಲಿಯಲ್ಲಿ ಇನ್ನೊಂದು ತೊಂದರೆ. ಎಮ್ಮೆ ಇರುವ ಕೊಟ್ಟಿಗೆಯ ಬೇಲಿಯನ್ನು ಹತ್ತಿರದಿಂದ ನೋಡಿ. ಎಮ್ಮೆಯ ಪಕ್ಕೆಯ ಎತ್ತರಕ್ಕೆ ಬರುವ ಅಡ್ಡಪಟ್ಟಿ ಮೈ ತಿಕ್ಕಿ ತಿಕ್ಕಿ ನುಣ್ಣಗಾಗಿರುತ್ತದೆ, ಅಂಚಿನಲ್ಲಿ ಕೂದಲು ಅಂಟಿರುತ್ತದೆ, ಬಣ್ಣ ಮೊದಲು ಹೋಗುವುದು ಅಲ್ಲೇ. ಎನಾಮೆಲ್ ಹಚ್ಚಿದ್ದರೆ ಅಲ್ಲಿ ಸುತ್ತಲೂ ಅಂಚು ಎದ್ದ ಬೋಳು ಜಾಗ ಬೀಳುತ್ತದೆ, ಆ ಅಂಚಿನಿಂದ ನೀರು ಒಳಗೆ ಸೇರುತ್ತದೆ. ಒಳಗೆ ಇಳಿಯುವ ಎಣ್ಣೆ ಹಚ್ಚಿದ್ದರೆ ಅಷ್ಟು ಜಾಗ ಮಾತ್ರ ಮಾಸುತ್ತದೆ, ಒಂದು ಬಟ್ಟೆಯಲ್ಲಿ ಒರೆಸಿ ಅಲ್ಲೇ ಮತ್ತೆ ಹಚ್ಚಿದರೆ ಆಯ್ತು.

ಇಷ್ಟಾದರೂ ನಿಮಗೆ ಬಿಳಿ ಬೇಲಿಯೇ ಬೇಕು ಅಂದರೆ ಎನಾಮೆಲ್ ಬಿಟ್ಟು ಹೊರಗೋಡೆಗೆ ಹಚ್ಚುವ ಒಳ್ಳೆ ಅಕ್ರಿಲಿಕ್ ಎಮಲ್ಷನ್ ತಗೊಳ್ಳಿ. ಅದು ಹೆಚ್ಚು ಜಗ್ಗುತ್ತದೆ, ಒಳಗಿನ ಆವಿಯನ್ನು ಸ್ವಲ್ಪ ಹೊರಗೆ ಬಿಡುತ್ತದೆ, ಬಿಸಿಲಿಗೆ ಹಳದಿ ತಿರುಗುವುದಿಲ್ಲ. ಹಳೆಯದಾದಾಗ ಸಾಮಾನ್ಯವಾಗಿ ಪುಡಿ ಪುಡಿಯಾಗಿ ಮಾಸುತ್ತದೆ, ಆಗ ಬ್ರಷ್‌ನಿಂದ ತಿಕ್ಕಿ ತೊಳೆದು ಮತ್ತೊಂದು ಕೋಟ್ ಹಚ್ಚಬಹುದು. ಆದರೆ ಕೆಳಗೆ ಪ್ರೈಮರ್ ಬೇಕೇ ಬೇಕು, ಅದೂ ಎಣ್ಣೆ ಆಧಾರದ ವುಡ್ ಪ್ರೈಮರ್. ಜಾಲಿ, ಸಾಗವಾನಿ, ನೀಲಗಿರಿ ಕಟ್ಟಿಗೆಯಲ್ಲಿ ಒಗರು ಜಾಸ್ತಿ. ನೀರಿನ ಬಣ್ಣವನ್ನು ನೇರವಾಗಿ ಹಚ್ಚಿದರೆ ಆ ಒಗರು ಕರಗಿ ಮೇಲೆ ಬಂದು ಬಿಳಿ ಬೇಲಿ ತುಂಬ ಕಂದು ಕಲೆ ಬೀಳುತ್ತದೆ. ಇದೇ ಒಗರು ಸಾದಾ ಕಬ್ಬಿಣದ ಮೊಳೆಗೆ ತಾಗಿದರೆ ಮೊಳೆಯ ಕೆಳಗೆ ಕಪ್ಪು ಗೆರೆ ಇಳಿಯುತ್ತದೆ, ಅದಕ್ಕೆ ಸತುವು ಲೇಪಿಸಿದ ಮೊಳೆಯನ್ನೇ ಕೇಳಿ ತಗೊಳ್ಳಿ.

ವಾರ್ನಿಷ್ ಬೇಡವೇ ಬೇಡ. ಅದು ಪಾರದರ್ಶಕ, ಬಿಸಿಲು ಅದನ್ನು ದಾಟಿ ಕಟ್ಟಿಗೆಯ ಮೇಲ್ಪದರವನ್ನು ಸುಡುತ್ತದೆ, ಆ ಸಡಿಲ ಪದರದ ಜೊತೆ ವಾರ್ನಿಷ್ಷೂ ಕಿತ್ತು ಬರುತ್ತದೆ.

ಅಗಸಿ ಎಣ್ಣೆ ಮತ್ತು ಕೆಂಪು ಆಕ್ಸೈಡ್

ನನಗೆ ತುಂಬಾ ಇಷ್ಟವಾದ ಆಯ್ಕೆ ಇದು. ಅಗಸಿ ನಮ್ಮ ನೆಲದ ಬೆಳೆ. ಅಗಸಿ ಚಟ್ನಿಪುಡಿ ಇಲ್ಲದೆ ರೊಟ್ಟಿ ಊಟ ಇಲ್ಲ ಅನ್ನುವ ಜನ ನಾವು, ಆದರೆ ಅದೇ ಅಗಸಿಯ ಎಣ್ಣೆ ಕಟ್ಟಿಗೆಗೆ ಎಷ್ಟು ಒಳ್ಳೆಯದು ಅಂತ ಈಗಿನವರು ಮರೆತಿದ್ದಾರೆ. ಅಗಸಿ ಎಣ್ಣೆ ಗಾಳಿಗೆ ಒಡ್ಡಿದರೆ ಒಣಗಿ ಗಟ್ಟಿಯಾಗುತ್ತದೆ. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಹಾಗೆ ಒಣಗುವುದಿಲ್ಲ, ಅಂಟು ಅಂಟಾಗಿ ಧೂಳು ಹಿಡಿಯುತ್ತವೆ.

ಗಾಣದಲ್ಲಿ ತೆಗೆದ ಹಸಿ ಎಣ್ಣೆ ಒಣಗಲು ಬಹಳ ದಿನ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್ಸೀಡ್ ಆಯಿಲ್ ಅಂತ ಸಿಗುತ್ತದೆ, ಅದು ಒಂದೆರಡು ದಿನದಲ್ಲಿ ಒಣಗುತ್ತದೆ. ಅದರಲ್ಲಿ ಬೇಗ ಒಣಗಲು ಲೋಹದ ಲವಣ ಸೇರಿಸಿರುತ್ತಾರೆ. ಹಾಗಾಗಿ ಅದನ್ನು ತಿನ್ನಬಾರದು, ಪೂರ್ತಿ ಒಣಗುವ ತನಕ ದನ ನೆಕ್ಕದಂತೆ ನೋಡಿಕೊಳ್ಳಬೇಕು.

ಬರೀ ಎಣ್ಣೆ ಸಾಕಾಗುವುದಿಲ್ಲ. ಬಿಸಿಲು ತಡೆಯಲು ಬಣ್ಣದ ಪುಡಿ ಬೇಕು. ಹಳೆ ಮನೆಗಳ ಕೆಂಪು ನೆಲಕ್ಕೆ ಬಳಸುತ್ತಿದ್ದ ರೆಡ್ ಆಕ್ಸೈಡ್ ಪುಡಿಯೇ ಇದಕ್ಕೆ ಸಾಕು. ಅದು ಕಬ್ಬಿಣದ ಆಕ್ಸೈಡ್, ಬಿಸಿಲಿನ ನೇರಳಾತೀತ ಕಿರಣವನ್ನು ಹೀರಿಕೊಳ್ಳುತ್ತದೆ, ಬಣ್ಣ ಮಾಸುವುದಿಲ್ಲ. ಸ್ವೀಡನ್ ದೇಶದಲ್ಲಿ ಫಾಲುನ್ ತಾಮ್ರದ ಗಣಿಯ ಕೆಮ್ಮಣ್ಣು, ಹಿಟ್ಟಿನ ಗಂಜಿ, ಅಗಸಿ ಎಣ್ಣೆ ಸೇರಿಸಿ ಮಾಡುವ ಕೆಂಪು ಬಣ್ಣವನ್ನು ಕಟ್ಟಿಗೆ ಮನೆಗಳಿಗೆ ನೂರಾರು ವರ್ಷದಿಂದ ಹಚ್ಚುತ್ತಿದ್ದಾರೆ. ಕೆಲಸ ಮಾಡುವುದು ಅದೇ ಕಬ್ಬಿಣದ ಆಕ್ಸೈಡ್. ಕಬ್ಬಿಣದ ಗೇಟಿಗೆ ಹಚ್ಚುವ ರೆಡ್ ಆಕ್ಸೈಡ್ ಪ್ರೈಮರ್ ಬೇರೆ, ಅದನ್ನು ತರಬೇಡಿ. ಪುಡಿಯೇ ಬೇಕು ಅಂತ ಹೇಳಿ.

ಮೊದಲ ಕೋಟ್‌ಗೆ ಒಂದು ಲೀಟರ್ ಎಣ್ಣೆಗೆ ಅರ್ಧ ಲೀಟರ್ ಟರ್ಪೆಂಟೈನ್, ಸುಮಾರು 200 ಗ್ರಾಂ ಪುಡಿ. ಪುಡಿಯನ್ನು ಮೊದಲು ಸ್ವಲ್ಪ ಎಣ್ಣೆಯಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದದ್ದು ಸುರಿಯಿರಿ. ಎರಡನೇ ಕೋಟ್‌ಗೆ ಟರ್ಪೆಂಟೈನ್ ಕಾಲು ಲೀಟರಿಗೆ ಇಳಿಸಿ. ಒಂದು ತುಂಡು ಹಲಗೆಗೆ ಹಚ್ಚಿ ನೋಡಿ ಬಣ್ಣ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು. ಪುಡಿ ತಳಕ್ಕೆ ಕೂರುತ್ತದೆ, ಆಗಾಗ ಕಲಕುತ್ತಾ ಇರಬೇಕು.

ಒಂದು ಅಪಾಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯ ಒಳಗೆ ಆ ಬಿಸಿ ಕೂಡಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿ ಮೇವಿನ ಬಣವೆ ಇದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಬಟ್ಟೆಯನ್ನು ಬಯಲಲ್ಲಿ ಬಿಡಿಸಿ ಒಣಹಾಕಿ, ಇಲ್ಲವೇ ನೀರಿನ ಬಕೆಟ್‌ನಲ್ಲಿ ಮುಳುಗಿಸಿಡಿ.

ಈ ಎಣ್ಣೆಗೆ ಒಂದು ಕೊರತೆ ಇದೆ. ಬೂಷ್ಟು ಇದನ್ನು ತಿಂದು ಬೆಳೆಯುತ್ತದೆ. ಗದಗ, ರೋಣ, ಮುಂಡರಗಿ ಕಡೆ ಮಳೆ ಕಡಿಮೆ, ಅಲ್ಲಿ ಬಿಸಿಲೇ ದೊಡ್ಡ ಶತ್ರು, ಎಣ್ಣೆ ಆಕ್ಸೈಡ್ ಜೋಡಿ ಚೆನ್ನಾಗಿ ನಡೆಯುತ್ತದೆ. ಕಲಘಟಗಿ, ಹಾನಗಲ್ ಕಡೆ ಮಲೆನಾಡಿನ ಸೆರಗು, ತಿಂಗಳುಗಟ್ಟಲೆ ಕಟ್ಟಿಗೆ ಹಸಿಯಾಗೇ ಇರುತ್ತದೆ. ಅಲ್ಲಿ ಬೇಲಿ ಕಪ್ಪಾಗಬಹುದು. ಅಂಥ ಕಡೆ ಬೂಷ್ಟು ತಡೆಯುವ ಔಷಧಿ ಸೇರಿಸಿದ ರೆಡಿಮೇಡ್ ಹೊರಾಂಗಣ ವುಡ್ ಸ್ಟೇನ್ ತಗೊಳ್ಳುವುದೇ ಸರಿ. ಬೆಲೆ ಜಾಸ್ತಿ, ಆದರೂ ಕೆರೆಯುವ ಕೆಲಸ ಇಲ್ಲ, ಬಣ್ಣ ಮಾಸಿದಾಗ ತೊಳೆದು ಒಂದು ಕೋಟ್ ಹಚ್ಚಿದರೆ ಸಾಕು. ತಗೊಳ್ಳುವಾಗ ಪೂರ್ತಿ ತಿಳಿಯಾದದ್ದು ಬೇಡ, ಸ್ವಲ್ಪ ಬಣ್ಣ ಇರುವುದೇ ಇರಲಿ.

ಸುಟ್ಟ ಆಯಿಲ್ ಬಗ್ಗೆ

ಟ್ರ್ಯಾಕ್ಟರ್‌ನಿಂದ ಇಳಿಸಿದ ಹಳೆ ಆಯಿಲ್ ಹಚ್ಚುವುದು ಎಲ್ಲ ಊರಲ್ಲೂ ಇದೆ. ದುಡ್ಡು ಖರ್ಚಿಲ್ಲ, ಕಟ್ಟಿಗೆ ಕಪ್ಪಾಗಿ ಕಾಣುತ್ತದೆ, ಸ್ವಲ್ಪ ದಿನ ಗೆದ್ದಲು ದೂರ ಇರಬಹುದು. ಆದರೂ ನಾನು ಬೇಡ ಅನ್ನುತ್ತೇನೆ. ಅದು ಒಣಗುವುದಿಲ್ಲ. ಮಳೆಗೆ ತೊಳೆದು ಹೊಲದ ಮಣ್ಣಿಗೇ ಇಳಿಯುತ್ತದೆ. ಎಂಜಿನ್ ಸವೆತದ ಲೋಹ, ಸುಟ್ಟ ಎಣ್ಣೆಯ ವಿಷ ಎಲ್ಲ ಅದರಲ್ಲಿ ಇರುತ್ತದೆ. ದನ ಅದನ್ನು ನೆಕ್ಕುತ್ತದೆ, ಅದೇ ದನದ ಹಾಲು ಮನೆಗೆ ಬರುತ್ತದೆ. ಬಾವಿ, ಕೃಷಿಹೊಂಡ ಹತ್ತಿರ ಇದ್ದರಂತೂ ಮುಟ್ಟಲೇಬೇಡಿ. ಮೇಲಾಗಿ ಒಮ್ಮೆ ಇದನ್ನು ಹಚ್ಚಿದ ಕಟ್ಟಿಗೆಗೆ ಮುಂದೆ ಯಾವ ಬಣ್ಣವೂ ಹಿಡಿಯುವುದಿಲ್ಲ.

ಕಪ್ಪು ಕಂದು ಬಣ್ಣವೇ ಇರಲಿ ಅನ್ನುವವರಿಗೆ ಕರಾವಳಿಯಲ್ಲಿ ಬಳಸುವ ಗೇರು ಎಣ್ಣೆ ಇದೆ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆ ಗೆದ್ದಲಿಗೆ ಆಗುವುದಿಲ್ಲ. ಮನುಷ್ಯರ ಚರ್ಮಕ್ಕೂ ಆಗುವುದಿಲ್ಲ, ತಾಗಿದರೆ ಗುಳ್ಳೆ ಏಳುತ್ತದೆ. ಕೈಗವಸು, ತುಂಬುತೋಳಿನ ಅಂಗಿ ಇಲ್ಲದೆ ಹಚ್ಚಬೇಡಿ, ದನ ಮೈ ತಿಕ್ಕುವ ಪಟ್ಟಿಗೂ ಬೇಡ. ಕಂಬದ ಬುಡಕ್ಕೆ ಮಾತ್ರ ಇಟ್ಟುಕೊಂಡರೆ ಒಳ್ಳೆಯದು.

ಸುಣ್ಣ ಅಗ್ಗ. ಕಟ್ಟಿಗೆಯ ಮೇಲೆ ಒಂದು ಮಳೆಗಾಲ ದಾಟುವುದಿಲ್ಲ. ಹಬ್ಬಕ್ಕೆ ಬೆಳ್ಳಗೆ ಕಂಡರೆ ಸಾಕು ಅಂದರೆ ಹಚ್ಚಿ.

ಕಂಬದ ಬುಡವೇ ಬೇಲಿಯ ಆಯಸ್ಸು

ಮೇಲೆ ಎಷ್ಟೇ ಒಳ್ಳೆ ಬಣ್ಣ ಹಚ್ಚಿದರೂ ಬೇಲಿ ಬೀಳುವುದು ಕೆಳಗಿನಿಂದ. ನೆಲದ ಮಟ್ಟದಲ್ಲಿ ಗಾಳಿಯೂ ಇದೆ, ಹಸಿಯೂ ಇದೆ, ಕೊಳೆಸುವ ಶಿಲೀಂಧ್ರಕ್ಕೆ ಎರಡೂ ಬೇಕು. ಮಣ್ಣಿಗಿಂತ ಒಂದು ಗೇಣು ಕೆಳಗೆ, ಒಂದು ಗೇಣು ಮೇಲೆ, ಇಷ್ಟೇ ಜಾಗ ಕಂಬವನ್ನು ಮುರಿಯುವುದು. ನಿಮ್ಮ ಬಜೆಟ್‌ನಲ್ಲಿ ಒಂದಕ್ಕೆ ಮಾತ್ರ ಒಳ್ಳೆ ಮಾಲು ಹಾಕಲು ಆಗುತ್ತದೆ ಅಂದರೆ ಇಲ್ಲಿಗೇ ಹಾಕಿ, ಅಡ್ಡಪಟ್ಟಿಗೆ ಬಣ್ಣ ಇಲ್ಲದಿದ್ದರೂ ನಡೆಯುತ್ತದೆ. ಬಣ್ಣವಿಲ್ಲದ ಪಟ್ಟಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಮಳೆ ಬಿದ್ದು ಬೇಗ ಒಣಗುತ್ತಿದ್ದರೆ ಅದರ ಬಲ ಅಷ್ಟು ಬೇಗ ಕಡಿಮೆಯಾಗುವುದಿಲ್ಲ.

ನವಲಗುಂದ, ನರಗುಂದ, ರೋಣದ ಎರೆ ಹೊಲದಲ್ಲಿ ಇನ್ನೂ ಕಷ್ಟ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆಗೆ ಉಬ್ಬಿ ಕಂಬವನ್ನೇ ವಾಲಿಸುತ್ತದೆ, ನೀರು ಬಹಳ ದಿನ ಹಿಡಿದಿಡುತ್ತದೆ. ಅಲ್ಲಿ ಗುಂಡಿಯ ತಳಕ್ಕೆ, ಕಂಬದ ಸುತ್ತ ಗರಸು ಹಾಕಿ ಬಡಿಯಿರಿ, ತೆಗೆದ ಎರೆ ಮಣ್ಣನ್ನೇ ತುಂಬಬೇಡಿ. ಕೆಂಪು ಮಸಾರಿ ಹೊಲದಲ್ಲಿ ನೀರು ಬೇಗ ಇಳಿಯುತ್ತದೆ, ಆದರೆ ಗೆದ್ದಲಿನ ಕಾಟ ಇದ್ದೇ ಇದೆ.

ಕೊಳೆ, ಗೆದ್ದಲು ತಡೆಯುವ ಔಷಧಿ ಎಷ್ಟು ಕೆಲಸ ಮಾಡುತ್ತದೆ ಅನ್ನುವುದು ಕಟ್ಟಿಗೆ ಯಾವುದು ಅನ್ನುವುದರ ಮೇಲೂ ನಿಂತಿದೆ. ಜಾಲಿ, ಸಾಗವಾನಿಯ ಒಳತಿರುಳು ತಾನೇ ಗಟ್ಟಿ, ಅದರೊಳಗೆ ಔಷಧಿ ಇಳಿಯುವುದೂ ಕಡಿಮೆ. ನೀಲಗಿರಿ ಗಳದಲ್ಲಿ ಹೊರಗಿನ ಬಿಳಿ ಭಾಗ ಜಾಸ್ತಿ, ಅದು ಬೇಗ ಕೊಳೆಯುತ್ತದೆ, ಆದರೆ ಔಷಧಿಯನ್ನು ಚೆನ್ನಾಗಿ ಕುಡಿಯುತ್ತದೆ. ತೊಗಟೆ ಪೂರ್ತಿ ಸುಲಿಯದೆ ಏನನ್ನೂ ಹಚ್ಚಬೇಡಿ. ಬೋರಿಕ್ ಆಸಿಡ್, ಬೋರಾಕ್ಸ್ ದ್ರಾವಣ ಮನೆಯೊಳಗಿನ ಕಟ್ಟಿಗೆಗೆ ಒಳ್ಳೆಯದು, ನೆಲದಲ್ಲಿ ಹೂಳಿದರೆ ಮಳೆಗೆ ತೊಳೆದು ಹೋಗುತ್ತದೆ. ಬುಡವನ್ನು ಬೆಂಕಿಯಲ್ಲಿ ಕರಕಲು ಮಾಡಿ ಹೂಳುವ ಹಳೆ ಪದ್ಧತಿಯನ್ನೇ ನಂಬಿ ಕೂರಬೇಡಿ, ಕರಕಲು ಪದರದ ಬಿರುಕಿನಿಂದ ಹಸಿ ಒಳಗೆ ಹೋಗುತ್ತದೆ.

ಕಾರ್ಖಾನೆಯಲ್ಲಿ ಒತ್ತಡ ಹಾಕಿ ತಾಮ್ರದ ಔಷಧಿ ಇಳಿಸಿದ ಕಂಬ ಸಿಕ್ಕರೆ ಅದಕ್ಕಿಂತ ಉತ್ತಮ ಇಲ್ಲ. ಕೊಳ್ಳುವಾಗ ಐಎಸ್ 401 ಪ್ರಕಾರ ಸಂಸ್ಕರಿಸಿದ್ದಾ ಅಂತ ಕೇಳಿ, ಕಟ್ಟಿಗೆ ಸಂರಕ್ಷಣೆಯ ಭಾರತೀಯ ಮಾನಕ ಅದು. ಕೆಲವು ಔಷಧಿಯಲ್ಲಿ ಆರ್ಸೆನಿಕ್ ಇರುತ್ತದೆ, ಹಾಗಾಗಿ ಕೊಯ್ದು ಉಳಿದ ತುಂಡನ್ನು ಒಲೆಗೆ ಹಾಕಬಾರದು.

ಬ್ರಷ್, ರೋಲರ್, ಸ್ಪ್ರೇ, ಅದ್ದುವುದು

ಬೇಲಿ ಇನ್ನೂ ಕಟ್ಟಿಲ್ಲ ಅಂದರೆ ಅದೃಷ್ಟ. ಕಟ್ಟುವ ಮೊದಲೇ ಹಚ್ಚಿ. ಬಡಿಗೇರರಿಗೆ ಹಲಗೆ ಅಳತೆಗೆ ಕೊಯ್ದು ತೂತು ಹಾಕಿ ಕೊಡಲು ಹೇಳಿ, ಆಮೇಲೆ ಅದ್ದಿ. 200 ಲೀಟರ್ ಡ್ರಮ್ಮನ್ನು ಉದ್ದಕ್ಕೆ ಸೀಳಿದರೆ ಒಳ್ಳೆ ತೊಟ್ಟಿ ಆಗುತ್ತದೆ. ಕೀಟನಾಶಕ ತುಂಬಿದ್ದ ಡ್ರಮ್ ಬೇಡ. ಕಂಬಗಳ ಬುಡವನ್ನು ಇನ್ನೊಂದು ಡ್ರಮ್‌ನಲ್ಲಿ ನಿಲ್ಲಿಸಿ ಒಂದೆರಡು ದಿನ ಔಷಧಿ ಕುಡಿಸಿ. ಎಣ್ಣೆ, ಸ್ಟೇನ್, ಗೇರು ಎಣ್ಣೆ ಇದಕ್ಕೆ ಸರಿ. ಎನಾಮೆಲ್ ದಪ್ಪ, ಅದ್ದಿದರೆ ಸೋರಿ ಗಂಟು ಕಟ್ಟುತ್ತದೆ.

ಕಟ್ಟಿದ ಬೇಲಿಗೆ ನನ್ನ ಓಟು ಬ್ರಷ್‌ಗೆ. ಕಟ್ಟಿಗೆ ಅಡ್ಡೆಯಿಂದ ಬಂದ ಒರಟು ಹಲಗೆಯ ನಾರಿನೊಳಗೆ ಬಣ್ಣವನ್ನು ತಳ್ಳುವುದು ಬ್ರಷ್ ಮಾತ್ರ. ಎಣ್ಣೆಗೆ ಕೂದಲಿನ ಬ್ರಷ್, ಎಮಲ್ಷನ್‌ಗೆ ನೈಲಾನ್ ಬ್ರಷ್, ನಾಲ್ಕು ಇಂಚಿನದು. ಹಲಗೆಯ ತುದಿಗೆ ಮೊದಲು ಹಚ್ಚಿ. ಅಲ್ಲಿ ಗಮನ ಇಟ್ಟು ನೋಡಿದರೆ ಮೊದಲ ಸಲ ಹಚ್ಚಿದ ಎಣ್ಣೆ ಕಣ್ಣೆದುರೇ ಮಾಯವಾಗುತ್ತದೆ, ಕಟ್ಟಿಗೆಯ ನಾಳಗಳೆಲ್ಲ ಅಲ್ಲಿ ಬಾಯಿ ತೆರೆದಿರುತ್ತವೆ. ಮತ್ತೆ ಹಚ್ಚಿ. ಮತ್ತೆ ಕುಡಿಯುತ್ತದೆ. ತುದಿ ಹೊಳೆಯುತ್ತಾ ಹಾಗೇ ಹಸಿಯಾಗಿ ನಿಲ್ಲುವ ತನಕ ಬಿಡಬೇಡಿ. ಉಳಿದ ಮೈಗೆ ಹಚ್ಚಿ ಇಪ್ಪತ್ತು ನಿಮಿಷ ಬಿಟ್ಟು, ಮೇಲೆ ನಿಂತ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಅದು ಜಿಗಟಾಗಿ ಉಳಿಯುತ್ತದೆ.

ಅಗಲ ಹಲಗೆ ಒತ್ತಾಗಿ ಜೋಡಿಸಿದ ಬೇಲಿಗೆ ಉದ್ದ ಕೂದಲಿನ ರೋಲರ್ ಬೇಗ ಸಾಗುತ್ತದೆ, ಅದರ ಹಿಂದೆಯೇ ಬ್ರಷ್ ಎಳೆಯಬೇಕು. ಮೂರು ಪಟ್ಟಿಯ ಸಾದಾ ಬೇಲಿಗೆ ರೋಲರ್‌ನಿಂದ ಲಾಭ ಇಲ್ಲ.

ಸ್ಪ್ರೇ ಮಾಡಿದರೆ ಕೆಲಸ ಬೇಗ ಮುಗಿಯುವುದು ನಿಜ. ಆದರೆ ಬೇಲಿ ಅಂದರೆ ಸಂದಿಯೇ ಜಾಸ್ತಿ, ಬಣ್ಣದ ದೊಡ್ಡ ಪಾಲು ಸಂದಿಯಿಂದ ಆಚೆ ಹೋಗುತ್ತದೆ. ಗಾಳಿ ಬೇರೆ. ಗದಗ ಕಡೆ ಗಾಳಿ ಎಷ್ಟು ಅಂತ ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರ ನೋಡಿದರೆ ಗೊತ್ತಾಗುತ್ತದೆ. ಬ್ಯಾಡಗಿ ಸುತ್ತ ಕಣದಲ್ಲಿ ಮೆಣಸಿನಕಾಯಿ ಒಣಹಾಕುವ ಕಾಲವೂ, ಬಣ್ಣ ಹಚ್ಚಲು ಒಳ್ಳೆಯ ಕಾಲವೂ ಒಂದೇ. ಬಣ್ಣದ ತುಂತುರು ಆ ಕಾಯಿಯ ಮೇಲೆ ಬಿದ್ದರೆ ಮಾಲು ಹೋಯ್ತು. ಬೆನ್ನಿಗೆ ಹಾಕುವ ಔಷಧಿ ಪಂಪ್‌ನಲ್ಲಿ ತೆಳು ಎಣ್ಣೆ ಹೊಡೆಯಬಹುದು ಅಂತ ಕೆಲವರು ಮಾಡುತ್ತಾರೆ. ಟರ್ಪೆಂಟೈನ್ ಅದರ ರಬ್ಬರ್ ವಾಷರ್ ತಿನ್ನುತ್ತದೆ, ಮುಂದೆ ಬೆಳೆಗೆ ಹೊಡೆಯುವಾಗ ಆ ಪಂಪ್ ಸೋರುತ್ತದೆ. ಬೇಡ.

ಬಣ್ಣ ಎಷ್ಟು ಬೇಕು? 100 ಅಡಿ ಬೇಲಿ, ನಾಲ್ಕು ಇಂಚು ಅಗಲ ಒಂದೂವರೆ ಇಂಚು ದಪ್ಪದ ಮೂರು ಪಟ್ಟಿ, ಎಂಟು ಅಡಿಗೊಂದು ಕಂಬ ಅಂದುಕೊಳ್ಳಿ. ಪಟ್ಟಿಗಳ ನಾಲ್ಕೂ ಮೈ ಸೇರಿ ಸುಮಾರು 275 ಚದರ ಅಡಿ. ನಾಲ್ಕು ಇಂಚು ಚೌಕದ, ನೆಲದ ಮೇಲೆ ನಾಲ್ಕೂವರೆ ಅಡಿ ಇರುವ ಕಂಬಗಳಿಗೆ ಇನ್ನೊಂದು 85. ಒಟ್ಟು 360. ಡಬ್ಬಿಯ ಮೇಲೆ ಬರೆದ ಲೆಕ್ಕ ನುಣುಪು ಕಟ್ಟಿಗೆಯದು, ಒರಟು ಹಲಗೆಗೆ ಅದರ ಅರ್ಧದಿಂದ ಮುಕ್ಕಾಲು ಅಷ್ಟೇ ಹಿಡಿಯಿರಿ. ಲೀಟರಿಗೆ 60-70 ಚದರ ಅಡಿ ಅಂದರೂ ಎರಡು ಕೋಟ್‌ಗೆ 10ರಿಂದ 12 ಲೀಟರ್ ಬೇಕು. ಎಣ್ಣೆ ಮೊದಲ ಕೋಟ್‌ನಲ್ಲಿ ಇನ್ನೂ ಜಾಸ್ತಿ ಹಿಡಿಯುತ್ತದೆ.

ದೀಪಾವಳಿ ಮುಗಿದ ಮೇಲೆ ಶುರು ಮಾಡಿ, ಶಿವರಾತ್ರಿ ಒಳಗೆ ಮುಗಿಸಿ. ಅಕ್ಟೋಬರ್ ಮಳೆ ನಿಂತ ಮೇಲೂ ಕಟ್ಟಿಗೆ ಒಣಗಲು ಸಮಯ ಕೊಡಬೇಕು. ಹಲಗೆ ಮೇಲೆ ನಾಲ್ಕು ಹನಿ ನೀರು ಹಾಕಿ ನೋಡಿ, ಬೇಗ ಹೀರಿದರೆ ಎಣ್ಣೆಗೆ ತಯಾರು. ಡಿಸೆಂಬರ್, ಜನವರಿಯಲ್ಲಿ ಇಬ್ಬನಿ ಆರುವ ತನಕ ಬ್ರಷ್ ಹಿಡಿಯಬೇಡಿ, ಸಂಜೆ ನಾಲ್ಕರ ಒಳಗೆ ನಿಲ್ಲಿಸಿ. ಏಪ್ರಿಲ್ ಮಧ್ಯಾಹ್ನ ಮಾತ್ರ ಬೇಡ, ಮೇಲ್ಪದರ ಬೇಗ ಒಣಗಿ ಒಳಗೆ ಹಸಿ ಉಳಿದು ಗುಳ್ಳೆ ಏಳುತ್ತದೆ.

ಈಗಾಗಲೇ ಎನಾಮೆಲ್ ಹಚ್ಚಿದ ಹಳೆ ಬೇಲಿ ಇರುವವರಿಗೆ ಕೊನೆಯದಾಗಿ ಒಂದು ಮಾತು. ಅದರ ಮೇಲೆ ಎಣ್ಣೆ ಇಳಿಯುವುದಿಲ್ಲ. ಪೂರ್ತಿ ಕೆರೆಯಲು ಆಗದಿದ್ದರೆ ಎದ್ದ ಸಿಪ್ಪೆ ಮಾತ್ರ ತೆಗೆದು, ಬೋಳು ಜಾಗಕ್ಕೆ ಪ್ರೈಮರ್, ಮೇಲೆ ಎಮಲ್ಷನ್ ಹಚ್ಚಿ. ಕೆರೆಯುವಾಗ ಒಣ ಧೂಳು ಎಬ್ಬಿಸಬೇಡಿ, ನೀರು ಚಿಮುಕಿಸಿ ಕೆರೆಯಿರಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ (ಲೆಡ್) 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ, ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಜಾಸ್ತಿ ಇರಬಹುದು. ಕರುಗಳು ಸಿಕ್ಕಿದ್ದನ್ನೆಲ್ಲ ನೆಕ್ಕುತ್ತವೆ, ಸೀಸ ಅವುಗಳನ್ನು ಕೊಲ್ಲುವಷ್ಟು ವಿಷ. ಕೆಳಗೆ ತಾಡಪಾಲು ಹಾಸಿ, ಬಿದ್ದ ಸಿಪ್ಪೆಯನ್ನೆಲ್ಲ ಅದರಲ್ಲೇ ಸುತ್ತಿ ತೆಗೆದ ಮೇಲೆ ದನ ಬಿಡಿ. ಹೊಸ ಡಬ್ಬಿ ಕೊಳ್ಳುವಾಗಲೂ ಸೀಸದ ಬಗ್ಗೆ ಅದರ ಮೇಲೆ ಏನು ಬರೆದಿದೆ ಅಂತ ಓದಿ, ಕಾರ್ಖಾನೆ ಕೆಲಸದ ಇಂಡಸ್ಟ್ರಿಯಲ್ ಬಣ್ಣಕ್ಕೆ ಈ ನಿಯಮ ಅನ್ವಯಿಸುವುದಿಲ್ಲ, ಅಗ್ಗ ಸಿಕ್ಕಿತು ಅಂತ ಅದನ್ನು ದನದ ಬೇಲಿಗೆ ತರಬೇಡಿ.